ಕ್ಯಾಪ್ಟನ್ ಹೆಸರಿನ ಸೇತುವೆ

ವರದಾ ಹೊಳೆಯ ಮೇಲಿನ ಸೇತುವೆ ಮುಗಿದು, ಕಟಕಟೆಗೆ ಬಣ್ಣ ಬಳಿದು, ಗುತ್ತಿಗೆದಾರನ ಯಂತ್ರಗಳು ಊರು ಬಿಟ್ಟ ವಾರವೇ ಅದಕ್ಕೆ ಯಾರ ಹೆಸರಿಡಬೇಕೆಂಬ ಜಗಳ ಶುರುವಾಯಿತು.

ಹೊಳೆಯ ಈಚೆ ದಂಡೆಯಲ್ಲಿ ಕಡವಿನಕೊಪ್ಪ, ಆಚೆ ದಂಡೆಯಲ್ಲಿ ಬನ್ನಿಹಾಳ. ಎರಡೂ ಹಾನಗಲ್ಲ ತಾಲೂಕಿನ ಊರುಗಳೇ. ಆದರೆ ಬಸ್ಸು, ಹೈಸ್ಕೂಲು, ಸಂತೆ, ಹಾನಗಲ್ಲಿಗೆ ಹೋಗುವ ಡಾಂಬರು ರಸ್ತೆ ಎಲ್ಲವೂ ಬನ್ನಿಹಾಳದ ಕಡೆಗೆ. ಕಡವಿನಕೊಪ್ಪದವರಿಗೆ ಇದ್ದದ್ದು ಮೆಕ್ಕೆಜೋಳ, ಭತ್ತ ಬೆಳೆಯುವ ಒಳ್ಳೆಯ ಭೂಮಿ ಮತ್ತು ಮಳೆಗಾಲದಲ್ಲಿ ದಾಟಲಾಗದ ಹೊಳೆ. ನೀರು ಇಳಿದಾಗ ಬಂಡೆಗಳ ಮೇಲೆ ಕಾಲಿಟ್ಟು ದಾಟುತ್ತಿದ್ದರು, ಏರಿದಾಗ ಹರಗೋಲು ಹತ್ತುತ್ತಿದ್ದರು. ಕೆಂಪು ನೀರು ದಂಡೆ ಮುಟ್ಟಿ ಹರಿಯತೊಡಗಿತೆಂದರೆ ಮನೆಯಲ್ಲೇ ಕೂರುತ್ತಿದ್ದರು. ಹೆರಿಗೆ ನೋವು ಬಂದವರೂ, ಹಾವು ಕಚ್ಚಿದವರೂ ಕೂರಬೇಕಾಗುತ್ತಿತ್ತು.

ಕಡವಿನಕೊಪ್ಪದ ಪಂಚಾಯಿತಿ ಅಧ್ಯಕ್ಷೆ ನೀಲಾ. ಮಹಿಳಾ ಮೀಸಲಾತಿಯಲ್ಲಿ ಗೆದ್ದವಳು. ಗಂಡ ಸಾಗರ ಹೇಳಿದ ಕಡೆ ಸಹಿ ಹಾಕಿ ಸುಮ್ಮನಿರುತ್ತಾಳೆ ಎಂದು ಊರಿನ ಕೆಲವರು ಅಂದುಕೊಂಡಿದ್ದರು. ಸಾಗರ ಮೊದಲ ದಿನವೇ, "ಆಕಿನ್ನ ಕೇಳ್ರಿ, ಆರಿಸಿ ಬಂದಾಕಿ ಆಕಿ. ನಾ ಬರೀ ಗಾಡಿ ಹೊಡಿಯಾಂವ" ಎಂದು ಬೈಕಿನ ಕೀಲಿ ತಿರುಗಿಸುತ್ತಾ ಹೇಳಿಬಿಟ್ಟಿದ್ದ.

ನೀಲಾಳ ಮನಸ್ಸಿನಲ್ಲಿ ಸೇತುವೆಗೆ ಒಂದೇ ಹೆಸರಿತ್ತು, ಮರಿಯಮಬಿ.

ಮರಿಯಮಬಿ ಸವಣೂರಿನವಳು. ತಂದೆ ವೀಳ್ಯದೆಲೆ ವ್ಯಾಪಾರಿ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು, ಮನೆಯವರು ಬೇಡವೆಂದರೂ ಹಟ ಹಿಡಿದು ಸೈನ್ಯದ ನರ್ಸಿಂಗ್ ದಳ ಸೇರಿದಳು. ಎಪ್ಪತ್ತೊಂದರ ಯುದ್ಧದಲ್ಲಿ ಗಡಿಯ ಹತ್ತಿರದ ಆಸ್ಪತ್ರೆಯಲ್ಲಿದ್ದಳು. ಕ್ಯಾಪ್ಟನ್ ಆದಳು. ಆಮೇಲೆ ಕಡವಿನಕೊಪ್ಪದ ರೈತ ನಬೀಸಾಬನನ್ನು ಮದುವೆಯಾದಳು. ಆಗಿನ ನಿಯಮದಂತೆ ಮದುವೆಯಾದ ಮೇಲೆ ಕೆಲಸ ಬಿಡಬೇಕಾಯಿತು. ಸೈನ್ಯದ ಕರಿ ಟ್ರಂಕು ಹರಗೋಲಿನಲ್ಲಿಟ್ಟುಕೊಂಡು ಆಕೆ ಈ ದಂಡೆಗೆ ಬಂದಿಳಿದಾಗ ನೋಡಲು ಊರೇ ಸೇರಿತ್ತಂತೆ. ಅಂದಿನಿಂದ ಮಕ್ಕಳಿಗೂ ಮುದುಕರಿಗೂ ಆಕೆ "ಮಿಲ್ಟ್ರಿ ಅವ್ವ". ಹೆರಿಗೆ, ಜ್ವರ, ಗಾಯ, ಸುಟ್ಟ ಗುಳ್ಳೆ ಏನಿದ್ದರೂ ಮೊದಲು ಆಕೆಯ ಬಾಗಿಲು. ಹೊಳೆ ತುಂಬಿದಾಗ ಆಚೆ ದಂಡೆಯಿಂದ ಯಾರಾದರೂ ಕೂಗಿದರೆ ಹರಗೋಲಿನವನನ್ನು ಗದರಿಸಿ ಎಬ್ಬಿಸಿಕೊಂಡು ಹೋಗುತ್ತಿದ್ದಳು. ನೀಲಾ ಹುಟ್ಟಿದ್ದೂ ಆಕೆಯ ಕೈಯಲ್ಲೇ. ಎರಡು ವರ್ಷದ ಹಿಂದೆ, ಸೇತುವೆಯ ಕಂಬಗಳು ನೀರಿನಿಂದ ಮೇಲೆದ್ದು ನಿಂತದ್ದನ್ನು ಕಣ್ತುಂಬ ನೋಡಿ ಮರಿಯಮಬಿ ತೀರಿಕೊಂಡಿದ್ದಳು.

ಕಡವಿನಕೊಪ್ಪದ ಪಂಚಾಯಿತಿಯಲ್ಲಿ ಹೆಸರಿನ ಮಾತು ಬಂದಾಗ ಚರ್ಚೆಯೇ ನಡೆಯಲಿಲ್ಲ. ಚಹಾ ಬರುವಷ್ಟರಲ್ಲಿ ಎಲ್ಲರೂ ಕೈ ಎತ್ತಿದ್ದರು. ತೊಡಕು ಎದ್ದದ್ದು ಆಚೆ ದಂಡೆಯಲ್ಲಿ.

ಬನ್ನಿಹಾಳದ ಪಂಚಾಯಿತಿ ಅಧ್ಯಕ್ಷ ಮೈಲಾರಲಿಂಗ. ಐವತ್ತರ ಆಸುಪಾಸಿನ ಗಟ್ಟಿ ಆಳು, ಮಾತಿನಲ್ಲಿ ಬಿಸಿ. ಕೆಟ್ಟ ಮನುಷ್ಯನೇನಲ್ಲ. ಸೇತುವೆಯ ಕೂಡುರಸ್ತೆ ಹಾದುಹೋದದ್ದು ಆತನ ತಂದೆ ರುದ್ರಗೌಡರು ಬಿಟ್ಟುಕೊಟ್ಟ ಹೊಲದ ಮೇಲೆ. ಆ ಗೌಡರೂ ಈಗಿಲ್ಲ.

ನೀಲಾ ಸೇತುವೆ ದಾಟಿ ಆತನ ಮನೆಗೇ ಹೋದಳು. ಮೈಲಾರಲಿಂಗ ಖುರ್ಚಿ ಹಾಕಿಸಿದ.

"ಕುಂತ್ಕೋರಿ ಅಧ್ಯಕ್ಷರ. ಯಾಕ ಬಂದೀರಿ ಅಂತ ಗೊತ್ತೈತಿ. ನಿಮ್ಮ ಮರಿಯಮಬಿ ಭಾಳ ದೊಡ್ಡಾಕಿ, ಇಲ್ಲ ಅನ್ನಂಗಿಲ್ಲ ನಾ. ನಾ ಹುಟ್ಟಿದ್ದೂ ಆಕಿ ಕೈಯಾಗ ಅಂತ ನಮ್ಮವ್ವ ಹೇಳ್ತಾಳ. ಆದ್ರ ಬ್ರಿಜ್ ನಿಂತದ್ದು ನಮ್ಮಪ್ಪ ಕೊಟ್ಟ ಜಾಗದಾಗ. ರುದ್ರಗೌಡ್ರ ಬ್ರಿಜ್ ಅಂತ ಆಗಬೇಕು."

"ಗೌಡ್ರು ಜಾಗ ಕೊಟ್ಟದ್ದನ್ನ ಯಾರೂ ಮರೆಯೂದಿಲ್ರಿ. ಆದ್ರ ಆಕಿ ದೇಶದ ಸಲುವಾಗಿ ಸೈನ್ಯದಾಗ ಇದ್ದಾಕಿ…"

ಮೈಲಾರಲಿಂಗ ಕೈ ಅಡ್ಡ ಹಿಡಿದ. "ಅದಽ ನೋಡ್ರಿ. ಸೈನಿಕ ಅಂದ್ರ ಗಡಿಯಾಗ ನಿಂತು ಬಂದೂಕ ಹಿಡಿದಾಂವ. ಆಕಿ ದವಾಖಾನ್ಯಾಗ ಸೂಜಿ ಮಾಡಿದಾಕಿ. ಸೈನಿಕರ ಹೆಸರು ಅಂತ ಠರಾವು ಬರದ್ರ ನಾಳೆ ಮಂದಿ ನಗ್ತಾರ."

ಒಳಬಾಗಿಲ ಹತ್ತಿರ ಕುಳಿತಿದ್ದ ಆತನ ತಾಯಿ ಸಾವಂತ್ರವ್ವ ತಲೆ ಎತ್ತಿ ಮಗನ ಕಡೆಗೊಮ್ಮೆ ನೋಡಿದಳು.

ತಾಲೂಕು ಕಚೇರಿಯಿಂದ ಸುದ್ದಿ ಬಂತು. ಎರಡೂ ಪಂಚಾಯಿತಿಗಳು ಒಂದೇ ಹೆಸರಿಗೆ ಒಪ್ಪಿ ಠರಾವು ಕೊಟ್ಟರೆ ಮೇಲಕ್ಕೆ ಕಳಿಸುತ್ತೇವೆ, ಇಲ್ಲದಿದ್ದರೆ ಸೇತುವೆಗೆ ಹೆಸರೇ ಇರುವುದಿಲ್ಲ, ಬರೀ ನಂಬರು ಇರುತ್ತದೆ ಎಂದರು.

ನೀಲಾ ಸಾಗರನ ಬೈಕಿನಲ್ಲಿ ಸವಣೂರಿಗೆ ಹೋದಳು. ಮರಿಯಮಬಿಯ ಮಗಳು ನುಜಹತ ಅಲ್ಲಿ ಉರ್ದು ಶಾಲೆಯ ಮಾಸ್ತರಣಿ. ತಾಯಿಯ ಹಾಗೆಯೇ ಎತ್ತರದ ಹೆಂಗಸು. ಸುದ್ದಿ ಕೇಳಿ ಆಕೆಯ ಮುಖ ಅರಳಿತು, ಜಗಳದ ಸುದ್ದಿ ಕೇಳಿ ಬಾಡಿತು.

"ಬ್ಯಾಡ ನೀಲಾ. ಅಮ್ಮಾ ಎರಡೂ ದಂಡಿ ಮಂದಿನ್ನ ಒಂದಽ ಅಂತ ತಿಳದಾಕಿ. ಆಕಿ ಹೆಸರಿನ ಸಲುವಾಗಿ ಎರಡೂರು ಮಾರಿ ತಿರುವಿದ್ರ ಆ ಹೆಸರು ತಗೊಂಡು ಏನ್ ಮಾಡೂದು?"

"ಜಗಳಾ ಮಾಡೂದಿಲ್ಲಕ್ಕಾ. ಒಂದ್ ಮಾತು ಹೇಳು. ಲಡಾಯ್ಯಾಗ ಅವ್ವ ಏನ್ ಮಾಡಿದ್ಲು ಅಂತ ನಿನಗ ಹೇಳ್ಯಾಳೇನು?"

ನುಜಹತ ಯೋಚಿಸಿದಳು. "ಕೇಳಿದಾಗೆಲ್ಲಾ 'ಕೆಲಸಾ ಮಾಡಿದೆ' ಅಂತಿದ್ಲು, ಅಷ್ಟಽ. ಬಲಗೈ ಮ್ಯಾಲೆ ಎತ್ತಾಕ ಆಕಿಗೆ ಆಗ್ತಿರಲಿಲ್ಲ, ಭುಜದಾಗ ಒಂದು ಕಲೆ ಇತ್ತು. ಬಿದ್ದಿದ್ದೆ ಅಂತಿದ್ಲು." ಆಮೇಲೆ ನೆನಪಾಗಿ ಹೇಳಿದಳು. "ಮಾಸೂರಿಂದ ಒಬ್ಬಾಂವ ವರ್ಷಾ ಸುಗ್ಗಿ ಆದ ಮ್ಯಾಲೆ ಹೊಸ ಅಕ್ಕಿ ತಗೊಂಡು ಬರ್ತಿದ್ದ. ಗುದ್ಲೆಪ್ಪ ಅಂತ. ಒಂದು ಕಾಲಿಲ್ಲ. ಅಮ್ಮಾನ ಮುಂದ ಖುರ್ಚಿ ಮ್ಯಾಲೆ ಕುಂಡ್ರತಿರಲಿಲ್ಲ, ನಿಂತಽ ಮಾತಾಡಾಂವ. ಅಂವಗ ಗೊತ್ತಿರಬೇಕು."

ಮರುದಿನವೇ ಬೈಕು ಹಿರೇಕೆರೂರಿನ ಹಾದಿ ಹಿಡಿಯಿತು. ಮಾಸೂರಿನ ಮದಗದ ಕೆರೆಯ ಕೆಳಗೆ ನಾಟಿ ನಡೆದಿತ್ತು. ಗದ್ದೆಯ ಬದುವಿನ ಮೇಲೆ, ಪ್ಯಾಂಟಿನ ಒಂದು ಕಾಲು ಮಡಚಿ ಕಟ್ಟಿ, ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು ಆಳುಗಳಿಗೆ ಹೇಳಿಕೊಡುತ್ತಿದ್ದ ಮುದುಕನೇ ಗುದ್ಲೆಪ್ಪ. ಹಾಕಿಕೊಳ್ಳುವ ಕಾಲು ಕೆಸರಲ್ಲಿ ಹೂತುಕೊಳ್ಳುತ್ತದೆಂದು ಬದುವಿನ ಮೇಲೆ ಒರಗಿಸಿಟ್ಟಿದ್ದ.

ನೀಲಾ ಮರಿಯಮಬಿಯ ಹೆಸರು ಹೇಳಿದ್ದೇ ತಡ, ಮುದುಕ ಊರುಗೋಲು ಬಿಟ್ಟು ಒಂದೇ ಕಾಲ ಮೇಲೆ ನೆಟ್ಟಗೆ ನಿಂತುಬಿಟ್ಟ. ಸಾಗರ ಓಡಿಹೋಗಿ ಹಿಡಿದುಕೊಂಡ.

"ಕ್ಯಾಪ್ಟನ್ ಸಾಹೇಬ್ರ ಊರಿಂದ ಬಂದೀರೇನು? ಬರ್ರಿ, ಬರ್ರಿ. ಆಕಿ ಹೋದ ಸುದ್ದಿ ನನಗ ತಡಾ ಆಗಿ ಮುಟ್ಟಿತು. ಮಣ್ಣಿಗೂ ಬರಾಕ ಆಗಲಿಲ್ಲ."

ನೀಲಾ ಬಂದ ಕಾರಣ ಹೇಳಿದಳು. ಮೈಲಾರಲಿಂಗನ ಮಾತನ್ನೂ ಮುಚ್ಚಿಡದೆ ಹೇಳಿದಳು. "ಬಂದೂಕ ಹಿಡಿದಾಕಿ ಅಲ್ಲ" ಎಂಬ ಮಾತು ಕೇಳಿ ಗುದ್ಲೆಪ್ಪನ ಮುಖ ಕೆಂಪಾಯಿತು. ಆಮೇಲೆ ನಕ್ಕ.

"ಸಭಾ ಯಾವತ್ತೈತಿ ಹೇಳವ್ವಾ. ನಾ ಬರ್ತೇನಿ. ನಾ ಒಬ್ಬನಽ ಬರೂದಿಲ್ಲ."

ಸಭೆ ಎಲ್ಲಿ ನಡೆಯಬೇಕೆಂಬುದಕ್ಕೂ ತಕರಾರು ಬಂತು. ಬನ್ನಿಹಾಳದವರು ಕಡವಿನಕೊಪ್ಪಕ್ಕೆ ಬರಲು ಒಪ್ಪಲಿಲ್ಲ, ಕಡವಿನಕೊಪ್ಪದವರು ಅಲ್ಲಿಗೆ ಹೋಗಲು ಒಪ್ಪಲಿಲ್ಲ. ಕೊನೆಗೆ ನೀಲಾ, "ಬ್ರಿಜ್ ಮ್ಯಾಲಽ ಮಾಡೂಣು, ನಟ್ಟನಡುವ. ಯಾರ ಊರಿಗೂ ಯಾರೂ ಹೋದಂಗ ಆಗೂದಿಲ್ಲ" ಎಂದಳು. ಮೈಲಾರಲಿಂಗನಿಗೂ ಅದು ಹಿಡಿಸಿತು.

ಶ್ರಾವಣದ ಒಂದು ಮುಂಜಾನೆ ಸೇತುವೆಯ ಮೇಲೆ ಜಮಖಾನೆ ಹಾಸಿದರು. ಕೆಳಗೆ ವರದೆ ಕೆಂಪಗೆ, ದಂಡೆಯಿಂದ ದಂಡೆಗೆ ಹರಿಯುತ್ತಿದ್ದಳು. ಅಷ್ಟು ನೀರಿನ ಮೇಲೆ ನಿಶ್ಚಿಂತೆಯಿಂದ ಕುಳಿತಿದ್ದೇವೆಂಬುದೇ ಎರಡೂ ಊರಿನ ಜನಕ್ಕೆ ಹಬ್ಬವಾಗಿತ್ತು. ಹೆಂಗಸರು ಕಟಕಟೆಗೆ ಒರಗಿ ಕೆಳಗೆ ನೋಡಿ, ಹೆದರಿದವರಂತೆ ಕೂಗಿ ನಗುತ್ತಿದ್ದರು. ಸೊಸೆ ತಂದ ಪ್ಲಾಸ್ಟಿಕ್ ಖುರ್ಚಿಯ ಮೇಲೆ ಸಾವಂತ್ರವ್ವನೂ ಬಂದು ಕುಳಿತಳು. ನುಜಹತ ಒಂದು ಬದಿಗೆ ನಿಂತಿದ್ದಳು.

ಸಭೆ ಶುರುವಾಗಿ ಮೈಲಾರಲಿಂಗ ತನ್ನ ಮಾತು ಮುಗಿಸುವ ಹೊತ್ತಿಗೆ ಬನ್ನಿಹಾಳದ ರಸ್ತೆಯಲ್ಲಿ ಎರಡು ಕ್ರೂಜರ್ ಬಂದು ನಿಂತವು. ಅವುಗಳಿಂದ ಇಳಿದವರನ್ನು ನೋಡಿ ಜನ ಎದ್ದು ನಿಂತರು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕಿನ ಮಾಜಿ ಸೈನಿಕರು. ತಲೆ ನರೆತವರು, ಬೆನ್ನು ಬಾಗಿದವರು, ಇನ್ನೂ ನಡುವಯಸ್ಸಿನವರು. ಎಲ್ಲರ ಎದೆಯ ಮೇಲೂ ಪದಕಗಳು. ಮುಂದೆ ಗುದ್ಲೆಪ್ಪ. ಅಂದು ಕಾಲು ಹಾಕಿಕೊಂಡು, ಪ್ಯಾಂಟಿಗೆ ಇಸ್ತ್ರಿ ಹೊಡೆಸಿ, ಊರುಗೋಲಿಲ್ಲದೆ ನಡೆದು ಬಂದ. ಹಿಂದಿನವರು ಆತನ ಹೆಜ್ಜೆಗೆ ಹೆಜ್ಜೆ ಸೇರಿಸಿದರು. ಹೊಸ ಕಾಂಕ್ರೀಟಿನ ಮೇಲೆ ಬೂಟುಗಳ ಸದ್ದು ಒಂದೇ ಆಗಿ ಕೇಳಿಸಿತು.

ಮೈಲಾರಲಿಂಗ ಮೈಕು ಕೊಟ್ಟ. ಗುದ್ಲೆಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಎಪ್ಪತ್ತೊಂದರ ಲಡಾಯಿ. ಪಂಜಾಬದ ಗಡಿ. ನೆಲದಾಗ ಹುಗದಿದ್ದ ಬಾಂಬಿನ ಮ್ಯಾಲೆ ಕಾಲಿಟ್ಟೆ, ಕಾಲು ಹೋತು. ಎಚ್ಚರಾದಾಗ ಮಿಲ್ಟ್ರಿ ದವಾಖಾನ್ಯಾಗ ಬಿದ್ದಿದ್ದೆ. ದವಾಖಾನಿ ಅಂದ್ರ ತಾಡಪಾಲಿನ ಡೇರೆ. ಸುತ್ತಾ ಹಿಂದಿ, ಪಂಜಾಬಿ. ಕಲಿತಿದ್ದ ಹಿಂದೀನೂ ಆವಾಗ ತಲೀಗೆ ಹತ್ತಲಿಲ್ಲ. ಬ್ಯಾನಿ ತಡೀಲಾರದ 'ಯವ್ವಾ' ಅಂತ ಚೀರಿದೆ. ಬಿಳೀ ಅರಬಿ ಹಾಕ್ಕೊಂಡಾಕಿ ಒಬ್ಬಾಕಿ ಓಡಿ ಬಂದ್ಲು. 'ಯಾವೂರು ತಮ್ಮಾ ನಿಂದು?' ಅಂದ್ಲು. ನಮ್ಮ ಮಾತು! ಅಷ್ಟ ದೂರದಾಗ, ಅಂಥಾ ಬ್ಯಾನ್ಯಾಗ, ನಮ್ಮ ಮಾತು! ನಾ ಮಾಸೂರಾಂವ ಅಂದೆ. 'ನಾ ಸವಣೂರಾಕಿ. ನೀ ಸಾಯೂದಿಲ್ಲ. ನಾ ಇರೂತನ ನಿನ್ನ ಸಾಯಾಕ ಬಿಡೂದಿಲ್ಲ' ಅಂದ್ಲು."

ಆತ ಹಾಕಿಕೊಂಡಿದ್ದ ಕಾಲನ್ನು ಸರಿಪಡಿಸಿ ನಿಂತ.

"ಮರುದಿನ ಮಧ್ಯಾಹ್ನ ವಿಮಾನ ಬಂದ್ವು. ಬಾಂಬು ಬೀಳಾಕ ಹತ್ತಿದ್ವು. ನಡಿಯಾಕ ಬರಾವ್ರೆಲ್ಲಾ ತಗ್ಗಿನ್ಯಾಗ ಇಳದ್ರು. ನಮ್ಮಂಥಾವ್ರನ್ನ ಎತ್ತಾಕ ಆಗೂದಿಲ್ಲ, ಎತ್ತಿದ್ರ ರಕ್ತ ಹೋಗಿ ಸಾಯ್ತೇವಿ. ಡಾಕ್ಟರು ಆಕಿಗೆ, ತಗ್ಗಿನ್ಯಾಗ ಇಳಿ ಅಂತ ಹುಕುಂ ಮಾಡಿದ್ರು. ಆಕಿ ಇಳೀಲಿಲ್ಲ. ತನ್ನ ತಲೀ ಮ್ಯಾಲಿನ ಲೋಹದ ಟೊಪಿಗಿ ತಗದು ನನ್ನ ತಲೀಗೆ ಹಾಕಿದ್ಲು. ಡೇರೆದ ನಡುವ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಮಾತಾಡಿಸ್ಕೋತ ಅಡ್ಡಾಡಿದ್ಲು, ನಮಗ ಹೆದರಿಕಿ ಆಗಬಾರದಂತ. ಹೊರಗ ಬಾಂಬು ಸಿಡದು ಒಂದು ಚೂರು ಬಂದು ಆಕಿ ಬಲಭುಜಕ್ಕ ಹೊಕ್ಕಿತು. ಬಿಳೀ ಅರಬಿ ಕೆಂಪಾತು. ಎಡಗೈಯಿಂದ ತನ್ನ ಗಾಯಾ ತಾನಽ ಕಟ್ಟಿಕೊಂಡು, ಅದಽ ಕೈಯಿಂದ ನನಗ ಏರಿಸಿದ್ದ ರಕ್ತದ ಬಾಟ್ಲಿ ಹಿಡಿದು ನಿಂತ್ಲು. ವಿಮಾನ ಹೋಗೂತನ ನಿಂತ್ಲು."

ನುಜಹತ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡಳು. ಭುಜದ ಕಲೆಯ ಕಥೆ ಆಕೆಗೆ ಗೊತ್ತಾದದ್ದು ಆ ಗಳಿಗೆಯಲ್ಲೇ.

ಗುದ್ಲೆಪ್ಪ ಮೈಲಾರಲಿಂಗನ ಕಡೆಗೆ ತಿರುಗಿದ. ದನಿಯಲ್ಲಿ ಸಿಟ್ಟಿರಲಿಲ್ಲ.

"ತಮ್ಮಾ, ನನ್ನ ಕೈಯಾಗ ಬಂದೂಕ ಇತ್ತು. ಬಂದೂಕ ಇದ್ದಾಗ ಧೈರ್ಯ ತಾನಽ ಬರ್ತೈತಿ. ಆಕಿ ಕೈಯಾಗ ಏನಿತ್ತು? ಹತ್ತಿ, ಪಟ್ಟಿ. ಆದ್ರೂ ನಿಂತ್ಲು. ನಾ ಸೈನಿಕ ಅಂದ್ರ ಆಕಿ ನನಗಿಂತಾ ದೊಡ್ಡ ಸೈನಿಕಳು. ಇಲ್ಲಿ ನಿಂತಾವ್ರೆಲ್ಲಾ ಇದನ್ನಽ ಹೇಳಾಕ ಬಂದೇವಿ."

ಹಿಂದಿದ್ದ ಮಾಜಿ ಸೈನಿಕರು ಎಲ್ಲರೂ ಒಟ್ಟಿಗೆ ಹಿಮ್ಮಡಿ ಕೂಡಿಸಿ ನಿಂತರು. ಕಡವಿನಕೊಪ್ಪದ ಕಡೆಯಿಂದ ಚಪ್ಪಾಳೆ ಎದ್ದಿತು, ಬನ್ನಿಹಾಳದ ಕಡೆಗೂ ಹಬ್ಬಿತು.

ಮೈಲಾರಲಿಂಗ ಎದ್ದು ಬಂದು ಗುದ್ಲೆಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿದ.

"ಹಿರಿಯಾರ, ನಾ ಆಡಿದ ಮಾತು ತಪ್ಪು. ಎಲ್ಲಾರ ಮುಂದ ವಾಪಸ್ ತಗೋತೇನಿ. ಆಕಿ ಸೈನಿಕಳಽ." ಆಮೇಲೆ ಜನರ ಕಡೆ ತಿರುಗಿದ. "ಆದ್ರ ಒಂದ್ ಮಾತು ಉಳೀತು. ನಮ್ಮಪ್ಪ ಜಾಗ ಕೊಡದಿದ್ರ ಈ ಬ್ರಿಜ್ ಎಲ್ಲಿತ್ರಿ? ಮುತ್ತ್ಯಾರ ಕಾಲದಿಂದ ಬಂದ ನೀರಾವರಿ ಹೊಲ. ಯಾರೂ ಕೇಳದ, ಯಾರೂ ಒತ್ತಾಯ ಮಾಡದ ತಾನಾಗಿ ಬಿಟ್ಟುಕೊಟ್ಟ. ಮಗಾ ಆಗಿ ನಾ ಅಷ್ಟೂ ಕೇಳಬಾರದೇನು?"

ಆತ ಕೇಳಿದ್ದು ನ್ಯಾಯವಾಗಿತ್ತು. ಕೈಗೆ ಬಂದದ್ದು ಜಾರಿತು ಅಂದುಕೊಂಡಳು ನೀಲಾ. ನುಜಹತ ದೂರದಿಂದ, ಬಿಟ್ಟುಬಿಡು ಎಂಬಂತೆ ಕೈಸನ್ನೆ ಮಾಡಿದಳು.

ಅಷ್ಟರಲ್ಲಿ ಖುರ್ಚಿ ಸರಿದ ಸದ್ದಾಯಿತು.

"ಆ ಮೈಕ ಇಲ್ಲೆ ಕೊಡು."

ಸಾವಂತ್ರವ್ವ ಎದ್ದು ನಿಂತಿದ್ದಳು. ಎಂಬತ್ತರ ಹತ್ತಿರದ ಮುದುಕಿ, ಇಳಕಲ್ಲ ಸೀರೆಯ ಸೆರಗು ತಲೆಯ ಮೇಲೆ. ಸಭೆಯಲ್ಲಿ ಆಕೆ ಮಾತನಾಡಿದ್ದನ್ನು ಬನ್ನಿಹಾಳದವರು ಯಾರೂ ಕಂಡಿರಲಿಲ್ಲ.

"ಯವ್ವಾ, ನೀ ಯಾಕ…" ಎಂದ ಮೈಲಾರಲಿಂಗ.

"ಯಾಕಂದ್ರ ಆತ ನಿನಗ ಅಪ್ಪ ಆಗೂಕಿಂತಾ ಮೊದಲ ನನಗ ಗಂಡ. ಆತನ ಹೆಸರು ಎಲ್ಲಿರಬೇಕು ಅನ್ನೂದ್ರಾಗ ನನ್ನ ಮಾತೂ ಐತಿ."

ಹೆಂಗಸರ ಗುಂಪಿನಲ್ಲಿ ನಗು ಎದ್ದಿತು. ಸಾವಂತ್ರವ್ವ ಮೈಕನ್ನು ಬಾಯಿಗೆ ತೀರ ಹತ್ತಿರ ಹಿಡಿದಳು. ಆಕೆಯ ಉಸಿರೂ ಎರಡೂ ದಂಡೆಗೆ ಕೇಳಿಸಿತು.

"ನಿಮ್ಮಪ್ಪ ಜಾಗಾ ಕೊಟ್ಟದ್ದು ಖರೆ. ಯಾರೂ ಕೇಳದ ಕೊಟ್ಟಾ ಅನ್ನೂದು ಸುಳ್ಳು. ಸರ್ವೇದವ್ರು ಬಂದಾಗೆಲ್ಲಾ ಬಡಿಗಿ ತಗೊಂಡು ಓಡಿಸ್ಯಾನ ಅಂವ. ನಿನಗ ಗೊತ್ತಿಲ್ಲ, ನೀ ಹುಬ್ಬಳ್ಳ್ಯಾಗ ಇರತಿದ್ದಿ. ಆ ದೊಡ್ಡ ಹೊಳಿ ಬಂದಿತ್ತಲ್ಲ, ಮನಿ ಬಿದ್ದು ಎಲ್ಲಾ ಹೋತಲ್ಲ, ಆ ವರ್ಷ. ನೀರು ಇಳದ ಮ್ಯಾಲೆ ಮರಿಯಮಬಿ ಹರಗೋಲು ಹತ್ತಿ ಬಂದ್ಲು. ಕೋಲು ಊರಿಕೊಂಡು ಬಂದು ನಮ್ಮ ಕಟ್ಟಿ ಮ್ಯಾಲೆ ಕುಂತ್ಲು. ನಾ ಚಾ ಕೊಟ್ಟೆ. ಮುಟ್ಟಲಿಲ್ಲ. 'ಗೌಡಾ, ಬ್ರಿಜ್‌ಗೆ ಜಾಗಾ ಕೊಡು, ಆಮ್ಯಾಲೆ ಚಾ ಕುಡೀತೇನಿ' ಅಂದ್ಲು."

"ಆತ ಏನಂದ್ನಬೇ?" ಯಾರೋ ಹೆಂಗಸು ತಡೆಯಲಾರದೆ ಕೇಳಿದಳು.

"ಆಗೂದಿಲ್ಲ ಅಂದ. ಆಕಿ ಸಿಟ್ಟಾಗಲಿಲ್ಲ. 'ನಿನ್ನ ಹೆಂಡ್ತಿ ಬ್ಯಾನಿ ತಿನ್ನು ಮುಂದ ಈ ಹೊಳಿ ನನಗ ದಾರಿ ಬಿಡಲಿಲ್ಲ. ಹರಗೋಲು ಮಗಚಿತು. ನಾ ಒಂದಽ ಕೈಯಿಂದ ಈಜಿ ಬಂದೆ. ಕಾಲು ಮುಂದಾಗಿ ಬರಾಕತ್ತಿದ್ದ ನಿನ್ನ ಮಗನ್ನ ತಿರುವಿ ತಗದೆ. ಆವಾಗ ನನಗ ವಯಸ್ಸಿತ್ತು. ಈಗ ಈಜಾಕ ಆಗೂದಿಲ್ಲ. ನನ್ನ ನಂತರ ಈಜಿ ಬರಾವ್ರು ಯಾರು? ಒಂದಽ ಒಂದು ಹೆಸರು ಹೇಳು ಗೌಡಾ, ಎದ್ದು ಹೋಗ್ತೇನಿ' ಅಂದ್ಲು."

ಸಾವಂತ್ರವ್ವ ಸುತ್ತ ನೋಡಿದಳು.

"ನಿಮ್ಮಪ್ಪ ಕುಂತಾ, ಕುಂತಾ, ಕುಂತಾ. ಹೆಸರು ಸಿಗಲಿಲ್ಲ. ಚಾ ಆರಿ ಹೋತು. ಕಡೀಕ, 'ಅಕ್ಕಾರ, ಬಿಸಿ ಚಾ ಮಾಡಸ್ತೇನಿ. ಜಾಗಾ ತಗೋರಿ' ಅಂದ. ಆಕಿ ಅಂಗಳ ದಾಟೂ ಮುಂದ ಹಿಂದಿಂದ ಹೋಗಿ, 'ಅಕ್ಕಾರ, ನೀವು ಕೇಳಿದ್ರಿ ಅಂತ ಯಾರ ಮುಂದೂ ಹೇಳಬ್ಯಾಡ್ರಿ, ನನ್ನ ಮಾನಾ ಹೋಗ್ತೈತಿ' ಅಂದ. ಮರಿಯಮಬಿ ನಕ್ಕು, 'ಹೆಸರು ನಿಂದಽ ಇರಲಿ, ನನಗ ಬ್ರಿಜ್ ಆದ್ರ ಸಾಕು' ಅಂದ್ಲು. ನನಗೂ ಬಾಯಿ ಬಿಡಬ್ಯಾಡ ಅಂತ ಆಣೆ ಹಾಕಿಸಿದ. ಆತ ಇರೂತನ ನಾ ಆ ಮಾತು ನಡಿಸೇನಿ. ಈಗ ಆತ ಮ್ಯಾಲೆ ಅದಾನ, ಆಕೀನೂ ಅಲ್ಲೇ ಅದಾಳ. ಮಾನಾಪಮಾನ ಅವ್ರಿಬ್ರೂ ಅಲ್ಲೇ ಮಾತಾಡ್ಕೊಳ್ಳಲಿ. ಆಕಿ ತನ್ನ ಹೆಸರು ನಮಗ ಬಿಟ್ಟುಕೊಟ್ಲು. ಅದನ್ನ ನಾವು ತಿರುಗಿ ಕೊಡೂದು ಬ್ಯಾಡೇನು?"

ಅಷ್ಟು ಹೇಳಿ ಆಕೆ ಮೈಕನ್ನು ಮಗನ ಕೈಗೆ ತುರುಕಿ ಖುರ್ಚಿಯ ಮೇಲೆ ಕುಳಿತಳು.

ಮೈಲಾರಲಿಂಗ ಮೈಕು ಹಿಡಿದು ನಿಂತೇ ಇದ್ದ. ತಂದೆ ಕಟ್ಟೆಯ ಮೇಲೆ ಹೆಸರು ಹುಡುಕುತ್ತ ತಲೆ ಕೆರೆದುಕೊಳ್ಳುತ್ತಾ ಕುಳಿತದ್ದು ಆತನ ಕಣ್ಣಿಗೆ ಕಟ್ಟಿರಬೇಕು, ತುಟಿಯ ಮೂಲೆಯಲ್ಲಿ ನಗು ಮೂಡಿತು. ಅದು ಬೆಳೆದು ದೊಡ್ಡ ನಗುವಾಯಿತು. ನಗುತ್ತಾ ಕಣ್ಣು ಒರೆಸಿಕೊಂಡ.

"ನಮ್ಮಪ್ಪನಂಥಾ ಹಟಮಾರಿನ್ನ ಒಂದು ಕಪ್ಪು ಚಾದಾಗ ಗೆದ್ದಾಕಿ ಅಂದ್ರ ಆಕಿ ಕ್ಯಾಪ್ಟನ್ನಽ ಬಿಡ್ರಿ! ಬನ್ನಿಹಾಳದವ್ರ, ಕೇಳ್ರಿ. ನಾ ನಮ್ಮಪ್ಪನ ಹೆಸರು ಹಿಂದಕ್ಕ ತಗೊಂಡೇನಿ. ಈ ಬ್ರಿಜ್ ಕ್ಯಾಪ್ಟನ್ ಮರಿಯಮಬಿ ಬ್ರಿಜ್. ಒಪ್ಪಿಗಿ ಇದ್ದಾವ್ರು ಕೈ ಎತ್ರಿ."

ಬನ್ನಿಹಾಳದ ಕಡೆ ಕೈಗಳು ಎದ್ದವು, ಮುಂದಿನವರದು ನೋಡಿ ಹಿಂದಿನವರದು. ಈ ದಂಡೆಯವರು ಎರಡೆರಡು ಕೈ ಎತ್ತಿದರು. ಮಾಜಿ ಸೈನಿಕರಲ್ಲಿ ಒಬ್ಬ, ತನಗೆ ಇಲ್ಲಿ ಮತವಿಲ್ಲವೆಂಬುದನ್ನು ಮರೆತು, ತಾನೂ ಎತ್ತಿದ.

ನೀಲಾ ಆಗ ಎದ್ದು ನಿಂತಳು. "ಇನ್ನೊಂದು ಠರಾವು ಬರೀರಿ. ಬನ್ನಿಹಾಳದ ಕಡೆ ಬ್ರಿಜ್‌ಗೆ ಕೂಡೂ ರಸ್ತೆಗೆ ರುದ್ರಗೌಡ್ರ ಹೆಸರು. ಗೌಡ್ರ ಹೊಲಾ ದಾಟದ ಯಾರೂ ನಮ್ಮವ್ವನ ಬ್ರಿಜ್ ಹತ್ತಾಕ ಆಗಬಾರದು."

ಸಾವಂತ್ರವ್ವ ತಲೆಯಾಡಿಸಿದಳು. "ಅದು ನ್ಯಾಯ. ಕೇಳಿದ ಮ್ಯಾಲಾದ್ರೂ ಕೊಟ್ಟಾನಲ್ಲ."

ಮುಂದಿನ ಕೆಲಸಕ್ಕೆ ಮೈಲಾರಲಿಂಗನೇ ಟೊಂಕ ಕಟ್ಟಿದ. ಎರಡೂ ಠರಾವು ಹಿಡಿದುಕೊಂಡು ಹಾನಗಲ್ಲಿಗೆ, ಹಾವೇರಿಗೆ ಓಡಾಡಿದ್ದು ಆತನೇ. ಕಚೇರಿಗಳಲ್ಲಿ ಯಾರಾದರೂ "ಮರಿಯಮಬಿ ಯಾರ್ರೀ?" ಎಂದರೆ ಖುರ್ಚಿ ಎಳೆದುಕೊಂಡು ಕುಳಿತು, ಡೇರೆಯ ಕಥೆಯಿಂದ ಶುರುಮಾಡಿ ಕಟ್ಟೆಯ ಕಥೆಯವರೆಗೆ ಪೂರ್ತಿ ಹೇಳಿಯೇ ಏಳುತ್ತಿದ್ದ. ನೀಲಾ ಜೊತೆಗಿದ್ದಾಗ ಆಕೆಗೆ ಬಾಯಿ ತೆರೆಯಲು ಎಡೆಯೇ ಸಿಗುತ್ತಿರಲಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ಆದೇಶ ಬಂತು.

ಹೆಸರಿಡುವ ದಿನ ಸೇತುವೆಯ ಎರಡೂ ತುದಿಗೆ ಮಾವಿನ ತೋರಣ. ಕಡವಿನಕೊಪ್ಪದವರು ಹುಗ್ಗಿ ಮಾಡಿದ್ದರು, ಸವಣೂರಿನಿಂದ ಬಂದ ನೆಂಟರು ಬುಟ್ಟಿಗಟ್ಟಲೆ ಖಾರದ ತಿಂಡಿ ತಂದಿದ್ದರು. ಸಮವಸ್ತ್ರದಲ್ಲಿದ್ದ ತರುಣಿ ಮರಿಯಮಬಿಯ ಫೋಟೋವನ್ನು ದೊಡ್ಡದು ಮಾಡಿಸಿ ಹೂವಿನ ನಡುವೆ ಇಟ್ಟಿದ್ದರು. ಆಕೆಯನ್ನು ಬಿಳಿಗೂದಲಿನ ಮುದುಕಿಯಾಗಿ ಮಾತ್ರ ಕಂಡಿದ್ದ ಹುಡುಗಿಯರು ಆ ನೆಟ್ಟ ನೋಟವನ್ನು ನೋಡಿ, ನೋಡಿ, ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತು ಇನ್ನೊಮ್ಮೆ ನೋಡಲು ಬಂದರು.

ಪರದೆ ಸರಿಸಿದ್ದು ನುಜಹತ. ಹಸಿರು ಫಲಕದ ಮೇಲೆ ಬಿಳಿ ಅಕ್ಷರ: ಕ್ಯಾಪ್ಟನ್ ಮರಿಯಮಬಿ ಸೇತುವೆ. ಆಕೆ ಓದಿದಳು, ತಾಯಿಯ ಹೆಸರಿನ ಒಂದೊಂದು ಅಕ್ಷರದ ಮೇಲೂ ಕೈ ಆಡಿಸಿದಳು. ಮಾತನಾಡಿರೆಂದು ಮೈಕು ಕೊಟ್ಟರು. ಬರೆದುಕೊಂಡು ಬಂದದ್ದನ್ನು ಆಕೆ ಬಿಚ್ಚಲಿಲ್ಲ.

"ಅಮ್ಮಾಗ ಎರಡೂ ದಂಡಿ ಬೇಕಾಗಿತ್ತು. ಸಿಕ್ಕುವು," ಎಂದಷ್ಟೇ ಹೇಳಿದಳು.

ಗುದ್ಲೆಪ್ಪ ಹುಕುಂ ಕೊಟ್ಟ. ಸಾಲಾಗಿ ನಿಂತಿದ್ದ ಮಾಜಿ ಸೈನಿಕರ ಕೈಗಳು ಒಮ್ಮೆಲೇ ಹಣೆಗೆ ಹೋದವು. ಮೈಲಾರಲಿಂಗನೂ ಸಾಗರನೂ ತಮಗೆ ಬಂದ ಹಾಗೆ ಸೆಲ್ಯೂಟ್ ಹೊಡೆದರು. ಸಾವಂತ್ರವ್ವ ಎರಡೂ ಕೈ ಜೋಡಿಸಿದಳು. ಡೊಳ್ಳು ಬಾರಿಸತೊಡಗಿದ್ದೇ ತಡ, ಆಚೆಯ ಜನ ಈಚೆಗೆ, ಈಚೆಯ ಜನ ಆಚೆಗೆ ನುಗ್ಗಿದರು. ನಡುವೆ ಸಿಕ್ಕ ನೀಲಾಳಿಗೆ ಯಾರು ಯಾವ ಊರಿನವರೆಂದು ಗುರುತು ಹತ್ತಲಿಲ್ಲ.

ವಾರದ ನಂತರ ಹಾನಗಲ್ಲ ಬಸ್ಸು ಮೊದಲ ಬಾರಿಗೆ ಹೊಳೆ ದಾಟಿ ಕಡವಿನಕೊಪ್ಪದವರೆಗೆ ಬಂತು. ತಂದೆಯ ಹೊಲ ನೋಡಿಕೊಂಡು ಹೋಗಲು ಬಂದಿದ್ದ ನುಜಹತ ಅದರಲ್ಲಿದ್ದಳು. ನಿಲ್ಲಲೂ ಜಾಗವಿಲ್ಲದಷ್ಟು ಜನ. ಕಂಡಕ್ಟರ್ ಎಲ್ಲಿಯವನೋ ಹೊಸಬ. ಬಸ್ಸು ಕೂಡುರಸ್ತೆ ಏರುತ್ತಿದ್ದಂತೆ ಸೀಟಿ ಊದಿ ಕೂಗಿದ:

"ಯಾರ್ರೀ ಕ್ಯಾಪ್ಟನ್ ಬ್ರಿಜ್? ಕ್ಯಾಪ್ಟನ್ ಬ್ರಿಜ್ ಇಳಿಯಾವ್ರು ಮುಂದ ಬರ್ರಿ!"

ನುಜಹತ ಇಳಿಯಬೇಕಾದದ್ದು ಊರಿನೊಳಗೆ. ಆದರೂ ಚೀಲ ಎತ್ತಿಕೊಂಡು, "ನಾ ಅದೇನಿ, ನಿಲ್ಲಸ್ರಿ" ಎಂದು ಬಾಗಿಲ ಕಡೆ ಹೋದಳು. ಹೊಳೆಯ ಮೇಲಿನ ಗಾಳಿಗೆ ಮುಖ ಕೊಟ್ಟು, ಉಳಿದ ದಾರಿಯನ್ನು ನಡೆದುಕೊಂಡೇ ಹೋದಳು.